ಹಾವಿನಲ್ಲಿ ಇವರು ಕಂಡಿದ್ದೇನು?

ನಾಯಿ ಯಜಮಾನನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಬೆಕ್ಕು ಕಾಲಿಗೆ ಮೈ ಉಜ್ಜುತ್ತದೆ. ಗಿಣಿ ಕಲಿಸಿದ ಮಾತನ್ನು ಒಪ್ಪಿಸುತ್ತದೆ. ತೊಟ್ಟಿಯ ಮೀನು ಕೂಡ ಕಾಳು ಹಾಕುವ ಕೈ ಕಂಡರೆ ಗಾಜಿನ ಹತ್ತಿರ ಬರುತ್ತದೆ. ಹಾವು ಬಾಲ ಅಲ್ಲಾಡಿಸುವುದಿಲ್ಲ, ಹೆಸರಿಟ್ಟು ಕರೆದರೆ ತಿರುಗಿ ನೋಡುವುದಿಲ್ಲ. ರೆಪ್ಪೆಯಿಲ್ಲದ ಅದರ ಕಣ್ಣಿನಲ್ಲಿ ಸಂತೋಷ, ಬೇಸರ ಯಾವುದನ್ನೂ ಓದುವಂತಿಲ್ಲ. ಉಪಕಾರ ಸ್ಮರಣೆ ಇಲ್ಲದವರನ್ನು ಕುರಿತು ‘ಹಾವಿಗೆ ಹಾಲೆರೆದಂತೆ’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ.

ಹೀಗಿದ್ದೂ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಲ್ಲಿ ಮನೆಯೊಳಗೇ ಹಾವು ಸಾಕುವವರು ಸಾವಿರಾರು ಮಂದಿ ಇದ್ದಾರೆ. ನಾಲ್ಕು ಜನರ ಎದುರು ಧೈರ್ಯ ಮೆರೆಯಲು ಹಾವು ತಂದು, ಆರು ತಿಂಗಳಲ್ಲಿ ಬೇಸತ್ತು ಕೈಬಿಡುವವರ ಮಾತು ಬೇರೆ. ಇಪ್ಪತ್ತು ಮೂವತ್ತು ವರ್ಷ ಹಾವುಗಳ ಜೊತೆ ಬಾಳಿದವರೂ ಅಲ್ಲಿದ್ದಾರೆ. ಒಂದು ಪ್ರೀತಿಯ ನೋಟವನ್ನೂ ಹಿಂತಿರುಗಿಸದ ಜೀವಿಯಿಂದ ಇವರಿಗೆ ಸಿಗುವ ಸಂತೋಷ ಎಂಥದು?

ಈ ಹವ್ಯಾಸಕ್ಕೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಪ್ರಶ್ನೆಗೆ ಉತ್ತರವನ್ನೂ ಅಲ್ಲಿಯೇ ಹುಡುಕಬೇಕು.

ಲಂಡನ್ನಿನ ಗಾಜಿನ ಮನೆ

1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸರೀಸೃಪಗಳಿಗಾಗಿಯೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಇಂಥದು ಅದೇ ಮೊದಲು. ಅದುವರೆಗೆ ಹಾವನ್ನು ಕಥೆಯಲ್ಲಿ ಕೇಳಿದ್ದ, ಇಲ್ಲವೇ ಸೀಸೆಯೊಳಗಿನ ಮದ್ಯಸಾರದಲ್ಲಿ ತೇಲುವುದನ್ನು ನೋಡಿದ್ದ ಜನ, ಜೀವಂತ ಹಾವು ಉಸಿರಾಡುವುದನ್ನು ಗಾಜಿನಾಚೆ ನಿಂತು ನಿಧಾನವಾಗಿ ನೋಡುವಂತಾಯಿತು.

ಗಾಜು ಅಲ್ಲಿ ಏಕಿದೆ ಎಂಬುದನ್ನು ಮರೆತರೆ ಏನಾಗುತ್ತದೆಂಬುದೂ ಮೂರೇ ವರ್ಷದಲ್ಲಿ ಗೊತ್ತಾಯಿತು. 1852ರ ಅಕ್ಟೋಬರ್‌ನಲ್ಲಿ ಅಲ್ಲಿನ ಪಾಲಕ ಎಡ್ವರ್ಡ್ ಗರ್ಲಿಂಗ್, ಕುಡಿದ ಅಮಲಿನಲ್ಲಿ ಕೆಲಸಕ್ಕೆ ಬಂದು ನಾಗರಹಾವನ್ನು ಕೈಯಲ್ಲೆತ್ತಿ ಆಟವಾಡಲು ಹೋದ. ಹಾವು ಮೂಗಿಗೆ ಕಚ್ಚಿತು. ಆತ ಉಳಿಯಲಿಲ್ಲ. ಪ್ರತಿವಿಷ ಎಂಬುದು ಬರಲು ಇನ್ನೂ ನಾಲ್ಕು ದಶಕಗಳು ಬಾಕಿ ಇದ್ದವು.

ವಿಷವಿಲ್ಲದ ದೊಡ್ಡ ಹಾವುಗಳು ಮಾತ್ರ ನಿಧಾನವಾಗಿ ಮನೆಗಳೊಳಗೂ ಪ್ರವೇಶ ಪಡೆದವು. ಲಂಡನ್ನಿನ ಚೆಲ್ಸಿಯಾದಲ್ಲಿ ಮ್ಯಾನ್ ಎಂಬ ದಂಪತಿ ಬೋವಾ, ಹೆಬ್ಬಾವುಗಳನ್ನು ಮನೆಯ ಸದಸ್ಯರಂತೆ ಸಾಕಿದ್ದರು. ಆ ಮನೆಗೆ ಹೋಗಿಬಂದವರೊಬ್ಬರು ಕಣ್ಣಾರೆ ಕಂಡದ್ದನ್ನು ವಿವರಿಸಿ 1872ರಲ್ಲಿ ‘ಟೈಮ್ಸ್’ ಪತ್ರಿಕೆಗೆ ಕಾಗದ ಬರೆದರು. ಡಾರ್ವಿನ್ನನ ಶಿಷ್ಯನಂತಿದ್ದ ಜಾರ್ಜ್ ರೊಮೇನ್ಸ್ 1882ರಲ್ಲಿ ಪ್ರಾಣಿಗಳ ಬುದ್ಧಿಶಕ್ತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಕುಟುಂಬದ ಹಾವುಗಳನ್ನು ಉದಾಹರಿಸಿದ. ಒಡೆಯರು ಊರಿಗೆ ಹೋದಾಗ ಮೃಗಾಲಯದಲ್ಲಿ ಬಿಟ್ಟಿದ್ದ ಹಾವು ಮಂಕಾಗಿತ್ತು, ಅವರು ಮರಳಿದಾಗ ಸಂತೋಷದಿಂದ ಮೈ ಸುತ್ತಿಕೊಂಡಿತು ಎಂದು ಆತ ಬರೆದ.

ಹಾವೂ ನಾಯಿಯಂತೆ ಪ್ರೀತಿಸುತ್ತದೆ ಎಂದು ಸಾಧಿಸುವ ಆಸೆ ಇಲ್ಲಿ ಎದ್ದು ಕಾಣುತ್ತದೆ. ಅದೇ 1882ರಲ್ಲಿ ಪ್ರಕಟವಾದ ಇನ್ನೊಂದು ಪುಸ್ತಕದ ದಾರಿ ಬೇರೆ. ಅದನ್ನು ಬರೆದಾಕೆ ಕ್ಯಾಥರಿನ್ ಹಾಪ್ಲಿ. ವಿಜ್ಞಾನಿಯ ಪದವಿ ಇಲ್ಲದ ಈ ಲೇಖಕಿ ಮೃಗಾಲಯದ ಹಾವುಗಳ ಮುಂದೆ ಮತ್ತೆ ಮತ್ತೆ ಹೋಗಿ ನಿಂತಳು. ಹಾವು ತನ್ನನ್ನು ಪ್ರೀತಿಸುತ್ತದೆಯೇ ಎಂಬುದು ಆಕೆಯ ಪ್ರಶ್ನೆಯಾಗಿರಲಿಲ್ಲ. ಅದು ಕ್ಷಣಕ್ಷಣಕ್ಕೂ ನಾಲಗೆ ಚಾಚುವುದೇಕೆ? ಜನ ತಿಳಿದಿರುವಂತೆ ಅದು ಚುಚ್ಚುವ ಮುಳ್ಳೇ? ಆಕೆ ಅಧ್ಯಾಯಗಳನ್ನೇ ಮೀಸಲಿಟ್ಟದ್ದು ಇಂಥ ಪ್ರಶ್ನೆಗಳಿಗೆ. ಇಂದು ಉತ್ತರ ನಮಗೆ ಗೊತ್ತಿದೆ. ಸೀಳು ನಾಲಗೆ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಅವನ್ನು ಗುರುತಿಸುತ್ತದೆ. ಎರಡು ತುದಿಗಳಲ್ಲಿ ಯಾವುದಕ್ಕೆ ವಾಸನೆ ಹೆಚ್ಚು ತಾಗಿತೋ ಆ ದಿಕ್ಕಿಗೆ ಹಾವು ತಿರುಗುತ್ತದೆ.

ಹಾವನ್ನು ಇಷ್ಟಪಡುವವರಲ್ಲಿ ಅಂದಿನಿಂದಲೇ ಎರಡು ಬಗೆ. ಹಾವಿನಿಂದ ಏನನ್ನಾದರೂ ಬಯಸುವವರು ಒಂದು ಬಗೆಯಾದರೆ, ಹಾವನ್ನು ಸುಮ್ಮನೆ ನೋಡಬಯಸುವವರು ಇನ್ನೊಂದು ಬಗೆ. ಹವ್ಯಾಸದಲ್ಲಿ ದೀರ್ಘಕಾಲ ಉಳಿದವರು ಹೆಚ್ಚಾಗಿ ಈ ಎರಡನೆಯ ಗುಂಪಿನವರು.

ಅಟ್ಟದಲ್ಲಿ ಹಾವು, ಕಿಸೆಯಲ್ಲಿ ಪೆನ್ಸಿಲ್

ಅಮೆರಿಕದಲ್ಲಿ ಹಾವನ್ನು ಬಹಿರಂಗವಾಗಿ ಮೆರೆಸಿದವರಲ್ಲಿ ಪ್ರಸಿದ್ಧಳಾದವಳು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್‌ನ ಮಗಳು ಆಲಿಸ್. 1901ರಲ್ಲಿ ತಂದೆ ಶ್ವೇತಭವನಕ್ಕೆ ಬಂದಾಗ ಆಕೆಗೆ ಹದಿನೇಳು ವರ್ಷ. ಆಕೆಯ ಬಳಿ ನಿರುಪದ್ರವಿಯಾದ ಒಂದು ಗಾರ್ಟರ್ ಹಾವಿತ್ತು. ಹೆಸರು ಎಮಿಲಿ ಸ್ಪಿನಾಚ್. ಎಮಿಲಿ ಎಂಬ ಚಿಕ್ಕಮ್ಮನಂತೆ ತೆಳ್ಳಗಿದೆ, ಪಾಲಕ್ ಸೊಪ್ಪಿನಂತೆ ಹಸಿರಾಗಿದೆ ಎಂಬುದು ಹೆಸರಿನ ಹಿಂದಿನ ತಮಾಷೆ. ಅದನ್ನು ಔತಣಕೂಟಗಳಿಗೆ ಒಯ್ದು ಅತಿಥಿಗಳನ್ನು ಬೆಚ್ಚಿಬೀಳಿಸುವುದು ಆಕೆಗೆ ಇಷ್ಟ. ಇಲ್ಲಿ ಹಾವಿಗಿಂತ ಹಾವು ಹಿಡಿದವಳೇ ಮುಖ್ಯ.

ಅದೇ ಕಾಲದ ರೇಮಂಡ್ ಡಿಟ್ಮಾರ್ಸ್‌ನ ಕಥೆ ಹೀಗಿಲ್ಲ. 1876ರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಿಂದಲೇ ಹಾವಿನ ಹುಚ್ಚು. ನ್ಯೂಯಾರ್ಕಿನ ಮನೆಯ ಮೇಲಂತಸ್ತಿನಲ್ಲಿ ಪಂಜರಗಳನ್ನಿಟ್ಟು ಹಾವು ಸಾಕುತ್ತಿದ್ದ. ಟ್ರಿನಿಡಾಡ್ ದ್ವೀಪದ ಮೋಲ್ ಎಂಬ ಪತ್ರಕರ್ತನೊಡನೆ ಪತ್ರವ್ಯವಹಾರ ಬೆಳೆಸಿ ಅಲ್ಲಿಂದ ಹಡಗಿನಲ್ಲಿ ಹಾವುಗಳ ಪೆಟ್ಟಿಗೆ ತರಿಸಿಕೊಂಡ. ಅದರಲ್ಲಿ ಬುಷ್‌ಮಾಸ್ಟರ್ ಎಂಬ ಅತಿ ಅಪಾಯಕಾರಿ ಹಾವೂ ಇತ್ತು. ಮಗನ ಮೇಲಂತಸ್ತಿನಲ್ಲಿ ಇಂಥ ಅತಿಥಿ ಇರುವಾಗ ಕೆಳಗೆ ತಂದೆ ತಾಯಿ ಹೇಗೆ ನಿದ್ದೆ ಮಾಡಿದರೋ!

ಹೊಟ್ಟೆಪಾಡಿಗೆ ಡಿಟ್ಮಾರ್ಸ್ ಶೀಘ್ರಲಿಪಿ ಕಲಿತ. 1898ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ವರದಿಗಾರನಾದ. ನಗರದ ಬ್ರಾಂಕ್ಸ್‌ನಲ್ಲಿ ಆಗ ಹೊಸ ಮೃಗಾಲಯ ಕಟ್ಟುತ್ತಿದ್ದರು. ಅದರ ಸುದ್ದಿ ತರಲು ಪತ್ರಿಕೆ ಕಳಿಸಿದ್ದು ಈ ತರುಣನನ್ನೇ. ಹೋದ ವರದಿಗಾರ ಸುದ್ದಿಯ ಜೊತೆಗೆ ಕೆಲಸವನ್ನೂ ಸಂಪಾದಿಸಿದ! 1899ರಲ್ಲಿ ಆತ ಸರೀಸೃಪ ವಿಭಾಗಕ್ಕೆ ಸೇರಿಕೊಂಡ. ಮನೆಯಲ್ಲಿದ್ದ ಹಾವುಗಳೂ ಜೊತೆಗೆ ಹೋಗಿ ಮೃಗಾಲಯದ ಮೊದಲ ಸಂಗ್ರಹದ ಭಾಗವಾದವು. 1942ರಲ್ಲಿ ಸಾಯುವ ತನಕ ಆತನಿಗೆ ಬೇರೆ ಗೀಳು ಹಿಡಿಯಲಿಲ್ಲ. ಜನಸಾಮಾನ್ಯರಿಗೆಂದು ಆತ ಬರೆದ ಪುಸ್ತಕಗಳನ್ನು ಓದಿ ಹಾವಿನ ಹಿಂದೆ ಬಿದ್ದ ಹುಡುಗರು ಒಂದು ತಲೆಮಾರಿನಷ್ಟಿದ್ದರು.

ಹವ್ಯಾಸಿಯ ಕುತೂಹಲ ಒಮ್ಮೊಮ್ಮೆ ಜೀವ ಉಳಿಸುವ ವಿದ್ಯೆಯ ಪಕ್ಕದಲ್ಲೇ ನಿಂತಿರುತ್ತದೆ. 1916ರ ಜನವರಿಯಲ್ಲಿ ಬ್ರಾಂಕ್ಸ್ ಮೃಗಾಲಯದ ಪಾಲಕ ಜಾನ್ ಟೂಮಿಗೆ, ಬಾಲದಲ್ಲಿ ಗಿಲಕಿಯಂತೆ ಸದ್ದು ಮಾಡುವ ರ‍್ಯಾಟಲ್ ಹಾವು ಕಚ್ಚಿತು. ಅದೃಷ್ಟಕ್ಕೆ ಪ್ರತಿವಿಷ ತಯಾರಿಕೆಯಲ್ಲಿ ಹೆಸರಾದ ಬ್ರೆಜಿಲ್‌ನ ವೈದ್ಯ ವೈಟಲ್ ಬ್ರೆಜಿಲ್ ಆಗ ನ್ಯೂಯಾರ್ಕಿನಲ್ಲಿದ್ದರು. ಅವರು ತಂದಿದ್ದ ಔಷಧಿಯಿಂದ ಟೂಮಿ ಬದುಕಿದ.

ಹಾವಿಗೆ ನಮ್ಮ ಪರಿಚಯವಿದೆಯೇ?

ಸಾಕಿದವರನ್ನು ಹಾವು ಗುರುತಿಸುತ್ತದೆಯೇ? ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಎಂದು ನಂಬಿದ ನಾಡಿನವರಾದ ನಮಗೆ ಈ ಪ್ರಶ್ನೆ ಸಹಜ.

ಹಾವು ಮಂದಬುದ್ಧಿಯ ಜೀವಿ ಎಂಬ ಅಭಿಪ್ರಾಯ ಈಚಿನ ದಶಕಗಳಲ್ಲಿ ಬದಲಾಗಿದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಹಾಲ್ಟ್ಸ್‌ಮನ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೊಂದು ಉದಾಹರಣೆ. ಹಲವು ಕಿಂಡಿಗಳಿದ್ದು ಒಂದು ಮಾತ್ರ ತೆರೆದಿರುವ ತೊಟ್ಟಿಯಲ್ಲಿ ಅವರು ಕಾರ್ನ್ ಸ್ನೇಕ್ ಮರಿಗಳನ್ನು ಬಿಟ್ಟರು. ಇದು ನಮ್ಮ ಕೇರೆಹಾವಿನ ಕುಟುಂಬದ, ವಿಷವಿಲ್ಲದ ಹಾವು. ಕೆಲವೇ ದಿನಗಳ ಅಭ್ಯಾಸದಲ್ಲಿ ಮರಿಗಳು ಸರಿಯಾದ ಕಿಂಡಿಯ ಜಾಗ ನೆನಪಿಟ್ಟುಕೊಂಡು ಬೇಗ ಬೇಗ ತಪ್ಪಿಸಿಕೊಳ್ಳಲು ಕಲಿತವು. 2020ರಲ್ಲಿ ಕೆನಡಾದ ಮಾರ್ಗನ್ ಸ್ಕಿನ್ನರ್ ಮತ್ತು ನೋಮ್ ಮಿಲ್ಲರ್ ಗಾರ್ಟರ್ ಹಾವುಗಳನ್ನು ಒಟ್ಟಿಗೆ ಬಿಟ್ಟು ಗಮನಿಸಿದರು. ಗುಂಪನ್ನು ಚದುರಿಸಿದರೂ ಹಾವುಗಳು ಮತ್ತೆ ತಮಗೆ ಬೇಕಾದ ಜೊತೆಗಾರರನ್ನೇ ಹುಡುಕಿ ಸೇರುತ್ತಿದ್ದವು. ಹಾವಿಗೂ ಸಹವಾಸದಲ್ಲಿ ಆಯ್ಕೆ ಇದೆ ಎಂದಾಯಿತು.

ಆದರೆ ಇದಾವುದೂ ಮನುಷ್ಯನ ಮೇಲಿನ ಮಮತೆಗೆ ಸಾಕ್ಷಿಯಲ್ಲ. ಸಾಕಿದ ಹಾವು ಒಬ್ಬರ ವಾಸನೆಗೆ ಒಗ್ಗಿಕೊಳ್ಳುತ್ತದೆ. ಈ ಕೈಯಿಂದ ಅಪಾಯವಿಲ್ಲ ಎಂದು ತಿಳಿದು ಬುಸುಗುಡುವುದನ್ನು ನಿಲ್ಲಿಸುತ್ತದೆ. ಮೈಮೇಲೆ ಸುತ್ತಿಕೊಂಡರೆ ಅದಕ್ಕೆ ಬೇಕಾದದ್ದು ಬಿಸಿ. ಅನುಭವಿ ಹವ್ಯಾಸಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆತ ಬಿಡುವುದಿಲ್ಲ.

ಏಕೆಂದರೆ ಆತನ ಸಂತೋಷ ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಪೊರೆ ಬಿಡುವುದನ್ನೇ ನೋಡಿ. ಮೊದಲು ಬಣ್ಣ ಮಾಸುತ್ತದೆ. ಕಣ್ಣಿನ ಮೇಲೆ ಹಾಲು ಬೆರೆಸಿದಂಥ ನೀಲಿ ಬರುತ್ತದೆ. ಹಾವು ಊಟ ಬಿಟ್ಟು ಮೂಲೆ ಸೇರುತ್ತದೆ. ಕೆಲವು ದಿನಗಳ ನಂತರ ಕಣ್ಣು ತಿಳಿಯಾಗುತ್ತದೆ. ಆಮೇಲೊಂದು ರಾತ್ರಿ ಒರಟು ಕಲ್ಲಿಗೆ ಮೂತಿ ಉಜ್ಜಿ, ಕಾಲುಚೀಲ ತಿರುವಿ ತೆಗೆದಂತೆ ಇಡೀ ಮೈಯ ಪೊರೆಯನ್ನು ಕಳಚಿಡುತ್ತದೆ. ಕಣ್ಣಿನ ಮೇಲಿನ ತೆಳು ಕವಚವೂ ಪೊರೆಯ ಜೊತೆ ಬಂದಿದೆಯೇ ಎಂದು ಸಾಕಿದವನು ಬೆಳಿಗ್ಗೆ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾನೆ. ಅದು ಬಂದಿದ್ದರೆ ಪೆಟ್ಟಿಗೆಯ ತೇವ ಸರಿಯಾಗಿದೆ ಎಂದರ್ಥ. ಹಾವು ಹೇಳುವುದು ಇಷ್ಟೇ. ಇದನ್ನು ಓದಲು ಕಲಿತವನಿಗೆ ಅದೇ ಸಾಕು.

ದಿನವೂ ಊಟ ಹಾಕಬೇಕಾಗಿಲ್ಲ. ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ. ಯಾವ ದಿನ ತಿಂದಿತು, ಯಾವ ದಿನ ಪೊರೆ ಬಿಟ್ಟಿತು, ತೂಕ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುವುದು ಇಂಥವರ ಅಭ್ಯಾಸ. ವರ್ಷಗಳು ಉರುಳಿದಂತೆ ಆ ಪುಸ್ತಕ ಸಾಕಿದವನ ಜೀವನದ ದಿನಚರಿಯೂ ಆಗುತ್ತದೆ.

ಹಾವಿನ ಆಯುಷ್ಯವೂ ಕಡಿಮೆಯದಲ್ಲ. ಹೆದರಿದಾಗ ಚೆಂಡಿನಂತೆ ಸುರುಳಿಯಾಗಿ ತಲೆ ಅಡಗಿಸಿಕೊಳ್ಳುವ ಬಾಲ್ ಪೈಥಾನ್ ಆಫ್ರಿಕದ ಸಣ್ಣ ಹೆಬ್ಬಾವು. ಇಂಥದೊಂದನ್ನು 1961ರಲ್ಲಿ ಯಾರೋ ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ ಕೊಟ್ಟಿದ್ದರು. 2020ರ ಜುಲೈಯಲ್ಲಿ ಅದು ಏಳು ಮೊಟ್ಟೆ ಇಟ್ಟಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದು ಗಂಡು ಹಾವಿನ ಮುಖ ಕಂಡಿರಲಿಲ್ಲ. ವಯಸ್ಸು ಅರವತ್ತು ದಾಟಿತ್ತು! ಅಂದರೆ ಅದನ್ನು ಮೊದಲು ಮನೆಗೆ ತಂದ ಹವ್ಯಾಸಿಗೂ ಮುದಿತನ ಬಂದಿರಬೇಕು, ಇಲ್ಲವೇ ಆತ ತೀರಿಕೊಂಡಿರಬೇಕು. ಹಾವು ಸಾಕುವುದೆಂದರೆ ಒಮ್ಮೊಮ್ಮೆ ತನ್ನ ನಂತರವೂ ಉಳಿಯುವ ಜೀವಿಗೆ ಜವಾಬ್ದಾರನಾಗುವುದು.

ಆಸೆ ಬೆಳೆದು ಅಂಗಡಿಯಾದಾಗ

ಇಷ್ಟೇ ಆಗಿದ್ದರೆ ಇದು ನಿರುಪದ್ರವಿಯಾದ ಹವ್ಯಾಸ ಎನ್ನಬಹುದಿತ್ತು. ಆದರೆ ನೋಡುವ ಆಸೆಯ ಹಿಂದೆಯೇ ಹೊಂದುವ ಆಸೆಯೂ ಬರುತ್ತದೆ.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಮೃಗಾಲಯದ ಕಾರ್ಲ್ ಕಾಫೆಲ್ಡ್ 1957ರಲ್ಲಿ ತನ್ನ ಹಾವು ಬೇಟೆಯ ಅನುಭವಗಳನ್ನು ಪುಸ್ತಕವಾಗಿ ಬರೆದ. ದಕ್ಷಿಣ ಕೆರೊಲಿನಾದ ಓಕೀಟಿ ಎಂಬ ಜಾಗದಲ್ಲಿ ಸಿಗುವ ಕೆಂಪು ಬಣ್ಣದ ಕಾರ್ನ್ ಸ್ನೇಕ್‌ಗಳನ್ನು ಆತ ಬಣ್ಣಿಸಿದ ರೀತಿಗೆ ಓದುಗರು ಮರುಳಾದರು. ಪುಸ್ತಕ ಓದಿದವರು ಚೀಲ ಹಿಡಿದು ಅಲ್ಲಿಗೇ ಹೊರಟರು. ಪ್ರೀತಿಯಿಂದ ಬರೆದ ವರ್ಣನೆಯೇ ಹಾವು ಹಿಡಿಯುವವರಿಗೆ ದಾರಿ ತೋರಿಸುವ ನಕ್ಷೆಯಾಯಿತು.

ಕಾಡಿನಿಂದ ಹಿಡಿದು ತರುವ ಬದಲು ಮನೆಯಲ್ಲೇ ಮರಿ ಮಾಡಿಸಿದರಾಗದೇ ಎಂಬ ಯೋಚನೆ ಆ ಹೊತ್ತಿಗೆ ಕೆಲವರಲ್ಲಿ ಮೂಡಿತ್ತು. ಜಾರ್ಜಿಯಾ ರಾಜ್ಯದ ಚರ್ಮರೋಗ ತಜ್ಞ ಬರ್ನಾರ್ಡ್ ಬೆಕ್ಟೆಲ್ ಅವರಲ್ಲೊಬ್ಬ. 1953ರಲ್ಲಿ ಸಿಕ್ಕ ಒಂದು ಬಿಳಿಚು ಕಾರ್ನ್ ಸ್ನೇಕ್‌ನಿಂದ ಆತನ ಪ್ರಯೋಗ ಆರಂಭವಾಯಿತು. ಮೊದಲ ತಲೆಮಾರಿನ ಮರಿಗಳೆಲ್ಲ ಸಾಮಾನ್ಯ ಬಣ್ಣದವು. ಮುಂದಿನ ತಲೆಮಾರಿನಲ್ಲಿ ಬಿಳಿಚು ಬಣ್ಣ ಮತ್ತೆ ಕಾಣಿಸಿತು. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮವನ್ನೇ ಈ ವೈದ್ಯ ಹಾವಿನಲ್ಲಿ ತೋರಿಸಿ 1962ರಲ್ಲಿ ಪ್ರಕಟಿಸಿದ. ಒಂದು ಉತ್ತರಕ್ಕಾಗಿ ಸುಮಾರು ಹತ್ತು ವರ್ಷದ ಕಾಯುವಿಕೆ!

ಈ ಜ್ಞಾನದಿಂದ ಕಾಡಿನ ಹಾವುಗಳ ಮೇಲಿನ ಒತ್ತಡ ಕಡಿಮೆಯಾಯಿತು, ನಿಜ. ಆದರೆ ಅದರಿಂದಲೇ ದೊಡ್ಡ ವ್ಯಾಪಾರವೂ ಹುಟ್ಟಿತು. 1992ರಲ್ಲಿ ಬಾಬ್ ಕ್ಲಾರ್ಕ್ ಎಂಬಾತ ಬಾಲ್ ಪೈಥಾನ್‌ನ ಬಿಳಿಚು ಮರಿಗಳನ್ನು ಪಡೆದ ನಂತರ ಹೊಸ ಹೊಸ ಬಣ್ಣ, ಚಿತ್ತಾರಗಳ ಬೆನ್ನಟ್ಟುವಿಕೆ ಜೋರಾಯಿತು. ‘ಸ್ಪೈಡರ್’ ಎಂಬ ಜೇಡನ ಬಲೆಯಂಥ ಚಿತ್ತಾರದ ತಳಿಯಲ್ಲಿ ಒಂದು ದೋಷ ಅಂಟಿಕೊಂಡೇ ಬರುತ್ತದೆ. ಹಾವಿನ ತಲೆ ಅಲುಗುತ್ತದೆ, ಕೆಲವಕ್ಕೆ ಮೇಲು ಕೆಳಗು ತಿಳಿಯದೆ ಕುತ್ತಿಗೆ ತಿರುಚಿಕೊಳ್ಳುತ್ತದೆ. ಚಿತ್ತಾರ ಬೇಕೆಂದವರು ಅದನ್ನೂ ಕೊಂಡರು. ಹಳೆಯ ಹವ್ಯಾಸಿಗಳಲ್ಲೇ ಅನೇಕರು ಇದನ್ನು ವಿರೋಧಿಸಿದರು.

ಇನ್ನೂ ದೊಡ್ಡ ಪಾಠ ಫ್ಲಾರಿಡಾದ್ದು. ಏಷ್ಯದಿಂದ ಸಾಕಲೆಂದು ತಂದ ಬರ್ಮಾ ಹೆಬ್ಬಾವು ಮರಿಯಾಗಿದ್ದಾಗ ಮುದ್ದಾಗಿರುತ್ತದೆ. ಹದಿನೈದು ಅಡಿ ಬೆಳೆದ ಮೇಲೆ ಇಟ್ಟುಕೊಳ್ಳುವುದು ಹೇಗೆ? ಹೀಗೆ ಕೈಬಿಟ್ಟವು, ತಪ್ಪಿಸಿಕೊಂಡವು ಎಲ್ಲ ಸೇರಿ ಎವರ್‌ಗ್ಲೇಡ್ಸ್ ಜೌಗುಕಾಡಿನಲ್ಲಿ ನೆಲೆಯೂರಿದವು. ಅಲ್ಲಿ ರ‍್ಯಾಕೂನ್‌ಗಳು ಕಾಣಿಸಿಕೊಳ್ಳುವುದು ಶೇ 99ರಷ್ಟು ಕಡಿಮೆಯಾಗಿದೆ ಎಂದು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದೇ ವರ್ಷ ಅಮೆರಿಕ ಈ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ಹೆಬ್ಬಾವು ಅಷ್ಟರಲ್ಲಿ ಕಾಡಿನ ಒಡೆಯನಾಗಿಬಿಟ್ಟಿತ್ತು.

ಈ ವ್ಯಾಪಾರ ನಮ್ಮ ಬಾಗಿಲಿಗೂ ಬಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಚೀಲಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪಗಳು ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು.

ಪೆಟ್ಟಿಗೆಯಿಂದ ಆಗುಂಬೆಗೆ

ನಮ್ಮಲ್ಲಿ ಹಾವಿನ ಜೊತೆಗಿನ ನಂಟು ಬೇರೆ ಬಗೆಯದು. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ. ಕರಾವಳಿಯಲ್ಲಿ ನಾಗಬನದ ಮರ ಕಡಿಯಲು ಅಂಜುತ್ತೇವೆ. ಅದೇ ಹಾವು ಮನೆಯೊಳಗೆ ಬಂದರೆ ಕೋಲು ಹುಡುಕುತ್ತೇವೆ. ಹಾವು ಇಟ್ಟುಕೊಂಡಿದ್ದವನು ಹಾವಾಡಿಗ ಮಾತ್ರ. ಅವನಿಗದು ಹವ್ಯಾಸವಲ್ಲ, ಅನ್ನ. ಹಲ್ಲು ಕಿತ್ತ ಹಾವು ಬುಟ್ಟಿಯಲ್ಲಿ ಹೆಚ್ಚು ದಿನ ಬದುಕುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬಿನ ದಾರಿ ಮುಚ್ಚುತ್ತಾ ಬಂತು. ನಮ್ಮ ಕಾಡಿನ ಹಾವನ್ನು ಹಿಡಿದು ಮನೆಯಲ್ಲಿ ಸಾಕುವುದು ಇಂದು ಅಪರಾಧ. ವಿದೇಶಿ ಹಾವು ಇಟ್ಟುಕೊಂಡವರಿಗೂ 2024ರ ನಿಯಮಗಳು ನೋಂದಣಿಯ ಹೊಣೆ ಹೊರಿಸಿವೆ.

ಹಾಗಾದರೆ ಹಾವಿನ ಹುಚ್ಚು ಹಿಡಿದ ಹುಡುಗ ಇಲ್ಲಿ ಏನು ಮಾಡಬೇಕು? ಒಬ್ಬರ ಜೀವನವೇ ಇದಕ್ಕೆ ಉತ್ತರ ಹೇಳುತ್ತದೆ. 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಭಾರತಕ್ಕೆ ಬಂದ ರೊಮುಲಸ್ ವಿಟೇಕರ್ ಕೊಡೈಕೆನಾಲಿನ ಶಾಲೆಯಲ್ಲಿ ಓದುವಾಗ ಹೆಬ್ಬಾವೊಂದನ್ನು ಮಂಚದ ಕೆಳಗೆ ಸಾಕಿದ್ದರು. ಮುಂದೆ ಅಮೆರಿಕದ ಮಯಾಮಿಯಲ್ಲಿ ಬಿಲ್ ಹಾಸ್ಟ್ ಎಂಬುವರ ಹಾವಿನ ಕೇಂದ್ರದಲ್ಲಿ ಕೆಲಸ ಕಲಿತರು. 1967ರಲ್ಲಿ ಭಾರತಕ್ಕೆ ಮರಳಿ, ಮದರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದರು. ಹಾವು ಹಿಡಿದು ಚರ್ಮ ಮಾರಿ ಬದುಕುತ್ತಿದ್ದ ಇರುಳರಿಗೆ ಚರ್ಮದ ವ್ಯಾಪಾರ ನಿಂತಾಗ ದಿಕ್ಕು ತೋಚದಾಯಿತು. 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಇರುಳರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದ ಪ್ರತಿವಿಷ ತಯಾರಾಗುತ್ತದೆ. 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತ ದೇಶದಲ್ಲಿ ಇದು ಸಣ್ಣ ಕೆಲಸವಲ್ಲ.

ವಿಟೇಕರ್ 1971ರಲ್ಲಿ ತಮ್ಮ ಮೊದಲ ಕಾಡು ಕಾಳಿಂಗವನ್ನು ಕಂಡದ್ದು ನಮ್ಮ ಆಗುಂಬೆಯಲ್ಲಿ. 2005ರಲ್ಲಿ ಅಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಯಂತ್ರ ಇಟ್ಟು ಬಿಡುವ ಅಧ್ಯಯನ ನಡೆಯಿತು. ಆಂಟೆನಾ ಹಿಡಿದ ತರುಣರು ದಿನವಿಡೀ ಹಾವಿನ ಹಿಂದೆ ನಡೆದು, ಅದು ಎಲ್ಲಿ ಮಲಗಿತು, ಏನು ತಿಂದಿತು ಎಂದು ಬರೆದುಕೊಂಡರು. ತರಗೆಲೆ ಒಟ್ಟುಗೂಡಿಸಿ ಕಾಳಿಂಗ ಕಟ್ಟುವ ಗೂಡನ್ನು ಕಾಯಲು ಊರಿನವರೂ ಜೊತೆಯಾದರು. ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿದಾಗ ಅದರ ವೈಜ್ಞಾನಿಕ ಹೆಸರಿಗೆ ಕನ್ನಡದ ‘ಕಾಳಿಂಗ’ ಎಂಬ ಪದವೇ ಸೇರಿತು.

ನ್ಯೂಯಾರ್ಕಿನ ಮೇಲಂತಸ್ತಿನ ಡಿಟ್ಮಾರ್ಸ್‌ನ ಕೈಯಲ್ಲಿದ್ದಂಥ ಟಿಪ್ಪಣಿ ಪುಸ್ತಕವೇ ಆಗುಂಬೆಯ ಮಳೆಯಲ್ಲಿ ನಡೆಯುವವರ ಕೈಯಲ್ಲೂ ಇದೆ. ನಡುವೆ ಇದ್ದ ಪೆಟ್ಟಿಗೆ ಮಾತ್ರ ಇಲ್ಲ. ಹಾವು ಇವರನ್ನು ಗುರುತಿಸುವುದಿಲ್ಲ, ಹಿಂತಿರುಗಿಯೂ ನೋಡುವುದಿಲ್ಲ. ಅದು ತನ್ನ ಪಾಡಿಗೆ ಹೋಗುತ್ತದೆ. ಇವರು ಹತ್ತಿಪ್ಪತ್ತು ಹೆಜ್ಜೆ ಹಿಂದೆ ಉಳಿದು, ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾರೆ.